ಶಿಕ್ಷೆಯೂ ಶಿಕ್ಷಣವೂ: ಒಂದು ಶಬ್ದವಿಚಾರ

ಶಾಲೆಗಳ ವಾರ್ಷಿಕ ಸ್ನೇಹ ಸಮ್ಮೇಳನಗಳಲ್ಲಿ ವೇದಿಕೆಯನ್ನು ಅಲಂಕರಿಸಿದ ಹಿರಿಯರು ಒಂದು ಮಾತನ್ನು ತಪ್ಪದೆ ಆಡುವುದುಂಟು. 'ಶಿಕ್ಷಣ ಎಂಬ ಶಬ್ದದೊಳಗೇ ಶಿಕ್ಷೆ ಇದೆ. ಶಿಕ್ಷೆಯನ್ನು ತೆಗೆದುಹಾಕಿದರೆ ಉಳಿಯುವುದು ಬರಿಯ ಣಕಾರ' ಎಂದು ಅವರು ಹೇಳುತ್ತಾರೆ. ಸಭೆ ನಗುತ್ತದೆ, ಚಪ್ಪಾಳೆ ಬೀಳುತ್ತದೆ. ಮೊದಲು ಚಪ್ಪಾಳೆ ತಟ್ಟುವವರು ಶಿಕ್ಷಕರು, ಆಮೇಲೆ ಪಾಲಕರು. ಮುಂದೆ ಜಮಖಾನೆಯ ಮೇಲೆ ಕುಳಿತ ಮಕ್ಕಳು ಮಾತ್ರ ಈ ಮಾತಿಗೆ ಚಪ್ಪಾಳೆ ತಟ್ಟಿದ್ದನ್ನು ನಾನು ಕಂಡಿಲ್ಲ. ಮೂವತ್ತಾರು ವರ್ಷ ಶಾಲಾ ಮಾಸ್ತರನಾಗಿದ್ದವನು ನಾನು. ಈ ಮಾತಿಗೆ ನಾನೂ ಕೈ ತಟ್ಟಿದ್ದೇನೆ. ಒಮ್ಮೆ ನಾನೇ ವೇದಿಕೆಯ ಮೇಲಿನಿಂದ ಆಡಿ ಮೆಚ್ಚುಗೆಯನ್ನೂ ಗಳಿಸಿದ್ದೇನೆ. ನಿವೃತ್ತಿಯ ತರುವಾಯ ನಿಘಂಟುಗಳೊಡನೆ ಕಾಲ ಕಳೆಯುವ ಅವಕಾಶ ದೊರೆತಂದಿನಿಂದ ಆ ಮಾತು ನನ್ನನ್ನು ಒಳಗೊಳಗೇ ಚುಚ್ಚುತ್ತಿದೆ. ಈ ಸಂಚಿಕೆಗೆ ಏನಾದರೂ ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಆದೇಶಿಸಿದಾಗ, ಹಳೆಯ ನೆನಪುಗಳನ್ನು ಹೊಗಳಿ ಬರೆಯುವುದಕ್ಕಿಂತ ಈ ಚುಚ್ಚನ್ನೇ ವಾಚಕರ ಮುಂದಿಡುವುದು ಲೇಸೆಂದು ತೋರಿತು.

ಮೊದಲು ಶಬ್ದದ ಹುಟ್ಟನ್ನು ನೋಡೋಣ. ಸಂಸ್ಕೃತದಲ್ಲಿ ಶಕ್ ಎಂಬ ಧಾತುವಿಗೆ ಶಕ್ತನಾಗು ಎಂದರ್ಥ. ಶಕ್ತಿ ಎಂಬ ಶಬ್ದ ಹುಟ್ಟಿದ್ದು ಅದರಿಂದಲೇ. ಅದಕ್ಕೆ ಇಚ್ಛೆಯ ಅರ್ಥವನ್ನು ಕೂಡಿಸಿದಾಗ ಬಂದ ರೂಪ ಶಿಕ್ಷ್. ಶಕ್ತನಾಗಬೇಕೆಂದು ಬಯಸುವುದು, ಆ ಬಯಕೆಯಿಂದ ಕಲಿಯುವುದು, ಇದು ಶಿಕ್ಷಾ ಎಂಬುದರ ಮೊದಲ ಅರ್ಥ. ಧಾತುಪಾಠವೂ ಇದನ್ನು ವಿದ್ಯೆಯನ್ನು ಸಂಪಾದಿಸುವ ಅರ್ಥದಲ್ಲಿಯೇ ಹೇಳಿದೆ. ಆರು ವೇದಾಂಗಗಳಲ್ಲಿ ಮೊದಲನೆಯದಕ್ಕೆ ಶಿಕ್ಷಾ ಎಂದು ಹೆಸರು. ಅದು ಅಕ್ಷರಗಳ ಉಚ್ಚಾರಣೆಯನ್ನು ತಿಳಿಸುವ ಶಾಸ್ತ್ರ. ಯಾವ ವರ್ಣವು ಬಾಯಿಯ ಯಾವ ಸ್ಥಾನದಲ್ಲಿ ಹುಟ್ಟುತ್ತದೆ, ಎಷ್ಟು ಮಾತ್ರೆಯ ಕಾಲ ನಿಲ್ಲುತ್ತದೆ ಎಂಬುದನ್ನು ಹೇಳಿಕೊಡುವ ಆ ಶಾಸ್ತ್ರಕ್ಕೂ ಬೆತ್ತಕ್ಕೂ ಯಾವ ಸಂಬಂಧವೂ ಇಲ್ಲ. ಆದುದರಿಂದ ಶಿಕ್ಷಣದೊಳಗೆ ಶಿಕ್ಷೆ ಅಡಗಿದೆಯೆಂಬ ಮಾತು ತಲೆಕೆಳಗಾಗಿದೆ. ನಿಜವಾಗಿ ಆಗಿರುವುದು ಬೇರೆ: ಕಲಿಕೆಯ ಹೆಸರೊಂದು ಹೊಡೆತದ ಕೈಗೆ ಸಿಕ್ಕಿ ಅದರ ಹೆಸರಾಗಿ ಹೋಗಿದೆ. ಇದು ಯಾವ ಶತಮಾನದಲ್ಲಿ ಆಯಿತೆಂಬುದನ್ನು ವಿದ್ವಾಂಸರು ಹೇಳಬೇಕು. ಹೇಗೆ ಆಗಿರಬಹುದೆಂಬುದನ್ನು ಊಹಿಸಲು ವಿದ್ವತ್ತು ಬೇಕಾಗಿಲ್ಲ. ಕಲಿಸುವವನ ಕೈಯಲ್ಲಿ ಕೋಲಿದ್ದರೆ ಕಲಿಯುವವನಿಗೆ ಎರಡೂ ಒಂದೇ ಆಗಿ ಕಾಣುತ್ತವೆ.

ಈ ಶಬ್ದದ ವಿಷಯದಲ್ಲಿ ದೇಶವೇ ಎರಡಾಗಿ ನಿಂತಿದೆ ಎನ್ನಬಹುದು. ಹಿಂದಿಯವರಿಗೂ ಬಂಗಾಳಿಯವರಿಗೂ ಶಿಕ್ಷಾ ಎಂದರೆ ವಿದ್ಯೆ. ಕನ್ನಡ, ಮರಾಠಿ, ತೆಲುಗು, ಮಲಯಾಳಂ ಜನರಿಗೆ ಅದೇ ಶಬ್ದ ದಂಡನೆ. ಕೇಂದ್ರ ಸರ್ಕಾರ 2001ರಲ್ಲಿ 'ಸರ್ವ ಶಿಕ್ಷಾ ಅಭಿಯಾನ' ಎಂಬ ಯೋಜನೆಯನ್ನು ಆರಂಭಿಸಿದಾಗ ಕರ್ನಾಟಕದಲ್ಲಿ ಅದು 'ಸರ್ವ ಶಿಕ್ಷಣ ಅಭಿಯಾನ'ವಾಯಿತು. 2018ರ 'ಸಮಗ್ರ ಶಿಕ್ಷಾ' ಕೂಡ ಇಲ್ಲಿ 'ಸಮಗ್ರ ಶಿಕ್ಷಣ' ಎಂದೇ ನಡೆಯುತ್ತಿದೆ. ಮೂಲದ ಹೆಸರನ್ನೇ ಉಳಿಸಿಕೊಂಡಿದ್ದರೆ ನಮ್ಮ ಹಳ್ಳಿಯ ಪಾಲಕರು ಎಲ್ಲ ಮಕ್ಕಳಿಗೂ ಸಮಗ್ರವಾಗಿ ಏಟು ಬೀಳುವ ಯೋಜನೆಯೆಂದು ತಿಳಿದುಕೊಳ್ಳುತ್ತಿದ್ದರೋ ಏನೋ!

ಆದರೆ ಕನ್ನಡದಲ್ಲಿ ಶಿಕ್ಷೆಯ ಹಳೆಯ ಅರ್ಥ ಪೂರ್ತಿಯಾಗಿ ಅಳಿದಿಲ್ಲ. ಅದು ಉಳಿದುಕೊಂಡಿರುವ ಸ್ಥಾನ ಶ್ರೀಮಠಗಳ ಪರಿಸರದಲ್ಲಿ ಬೆಳೆದ ನಮಗೆಲ್ಲ ಚಿರಪರಿಚಿತ. ಏಕೋತ್ತರ ಶತಸ್ಥಲಗಳಲ್ಲಿ ದೀಕ್ಷಾಗುರುಸ್ಥಲ, ಶಿಕ್ಷಾಗುರುಸ್ಥಲ, ಜ್ಞಾನಗುರುಸ್ಥಲ ಎಂಬ ಮೂರು ಒಂದರ ಹಿಂದೆ ಒಂದು ಬರುತ್ತವೆ. ದೀಕ್ಷೆಯನ್ನು ಕೊಟ್ಟವನು ದೀಕ್ಷಾಗುರು. ದೀಕ್ಷೆ ಪಡೆದವನಿಗೆ ನಡೆನುಡಿಯನ್ನು ತಿಳಿಸಿ, ಸಂಶಯವನ್ನು ಬಿಡಿಸಿ, ಆಚರಣೆಯ ದಾರಿಯಲ್ಲಿ ಕೈಹಿಡಿದು ನಡೆಸುವವನು ಶಿಕ್ಷಾಗುರು. ಶಿಕ್ಷಾಗುರು ಎಂಬ ಮಾತನ್ನು ಕೇಳಿದಾಗ ಹೊಡೆಯುವ ಗುರುವೆಂದು ನಮ್ಮಲ್ಲಿ ಯಾರೂ ತಿಳಿಯುವುದಿಲ್ಲ. ಸ್ವಾಮಿಗಳ ಕೈಯಲ್ಲಿರುವ ಬೆತ್ತವನ್ನು ಕಂಡು ಯಾವ ಮಗುವೂ ತಾಯಿಯ ಸೆರಗಿನ ಹಿಂದೆ ಅಡಗುವುದಿಲ್ಲ. ಅದೇ ಮಗು ಮಠದ ಓಣಿಯನ್ನು ದಾಟಿ ಮಠದವರೇ ನಡೆಸುವ ಶಾಲೆಯನ್ನು ಪ್ರವೇಶಿಸಿದೊಡನೆ ಅದೇ ಎರಡು ಶಬ್ದಗಳು, ಶಿಕ್ಷೆ ಮತ್ತು ಬೆತ್ತ, ಬೇರೆ ಅರ್ಥವನ್ನು ತಾಳುತ್ತವೆ. ಒಂದೇ ಆವರಣದೊಳಗೆ ಒಂದು ಶಬ್ದಕ್ಕೆ ಎರಡು ನಡತೆ!

ಇಲ್ಲಿ ಎದುರು ಪಕ್ಷದವರ ಪರವಾಗಿ ಹೇಳಬೇಕಾದ ಒಂದು ಮಾತಿದೆ. ಶಾಸ್ ಎಂಬ ಇನ್ನೊಂದು ಧಾತುವಿದೆ. ಆಳು, ಅಪ್ಪಣೆ ಮಾಡು, ಬೋಧಿಸು, ದಂಡಿಸು, ಈ ನಾಲ್ಕೂ ಅರ್ಥಗಳು ಅದಕ್ಕುಂಟು. ಶಾಸ್ತ್ರ, ಶಾಸನ, ಅನುಶಾಸನಗಳು ಅದರ ಮಕ್ಕಳು. 'ತಕ್ಕ ಶಾಸ್ತಿಯಾಯಿತು' ಎನ್ನುವಾಗಿನ ಶಾಸ್ತಿಯೂ ಅದರ ಮಗುವೇ, ಶಿಷ್ಯನೂ ಅದೇ ವಂಶದವನು. ಅಂದರೆ ಶಿಷ್ಯ ಎಂಬ ಶಬ್ದದಲ್ಲಿ ಬೋಧನೆಗೆ ಪಾತ್ರನಾದವನು ಎಂಬ ಅರ್ಥದ ಪಕ್ಕದಲ್ಲಿಯೇ ಹತೋಟಿಗೆ ಒಳಪಡತಕ್ಕವನು ಎಂಬ ಅರ್ಥವೂ ಇದೆ. ಇದನ್ನು ಮುಚ್ಚಿಡುವುದು ಪ್ರಾಮಾಣಿಕತೆಯಲ್ಲ. ಹಿಂದಿನವರು ಬೋಧೆಯನ್ನೂ ದಂಡನೆಯನ್ನೂ ದೂರ ದೂರ ಇಟ್ಟಿರಲಿಲ್ಲ ಎಂಬುದಕ್ಕೆ ಈ ಧಾತುವೇ ಸಾಕ್ಷಿ. ಆದರೆ ಹಿಂದಿನವರು ಹಾಗೆ ಮಾಡಿದ್ದರೆಂಬುದು ಇಂದಿನವರಿಗೆ ಅಪ್ಪಣೆಚೀಟಿಯಾಗಲಾರದು.

ದಂಡದ ವಿಷಯ ಇನ್ನೂ ಸ್ವಾರಸ್ಯವಾದುದು. ದಂಡವೆಂದರೆ ಮೂಲತಃ ಕೋಲು. ಕೋಲಿನಂತೆ ನೆಲಕ್ಕೊರಗಿ ಮಾಡುವ ನಮಸ್ಕಾರ ದೀರ್ಘದಂಡ ನಮಸ್ಕಾರ. ಜಾತ್ರೆಯಲ್ಲಿ ಹರಕೆ ಹೊತ್ತವರ ಬಾಯಲ್ಲಿ ಅದು ದೀಡ ನಮಸ್ಕಾರವಾಗಿದೆ. ಕೋಲು ಹಿಡಿದವರ ಗುಂಪು ದಂಡು. ಕೋಲಿನಿಂದ ಕೊಡುವುದು ದಂಡನೆ. ಕೋಲಿನ ಭಯಕ್ಕೆ ಕೊಡುವ ಹಣವೂ ದಂಡವೇ. ಮನುಸ್ಮೃತಿಯಲ್ಲಿ ವಾಗ್ದಂಡ, ಧಿಗ್ದಂಡ, ಧನದಂಡ, ವಧದಂಡ ಎಂದು ನಾಲ್ಕು ಮೆಟ್ಟಿಲುಗಳಿವೆ. ರಾಷ್ಟ್ರಕೂಟರ ತಾಮ್ರಶಾಸನಗಳಲ್ಲಿ ಗ್ರಾಮವನ್ನು ದಾನ ಮಾಡುವಾಗ ದಶಾಪರಾಧಗಳ ದಂಡದ ಹಣವನ್ನೂ ಸೇರಿಸಿ ಕೊಟ್ಟಿರುವುದನ್ನು ಕಾಣುತ್ತೇವೆ. ಊರಿನವರು ಹೆಚ್ಚು ತಪ್ಪು ಮಾಡಿದಷ್ಟೂ ದಾನ ಪಡೆದವರ ಆದಾಯ ಹೆಚ್ಚು! ಕನ್ನಡಿಗರ ಬಾಯಲ್ಲಿ ಈ ಶಬ್ದ ಮತ್ತೊಂದು ತಿರುವನ್ನೂ ಪಡೆದಿದೆ. ವ್ಯರ್ಥವಾದುದನ್ನು ನಾವು 'ದಂಡ' ಎನ್ನುತ್ತೇವೆ. 'ಅವನಿಗೆ ಹೇಳಿ ದಂಡ' ಎಂಬ ಮಾತನ್ನು ಯಾರು ಕೇಳಿಲ್ಲ? ತೆತ್ತ ಹಣವೂ ಪಟ್ಟ ನೋವೂ ಏನನ್ನೂ ಗಳಿಸಿಕೊಡಲಿಲ್ಲವೆಂಬ ಜನರ ಅನುಭವವೇ ಈ ಅರ್ಥವನ್ನು ಹುಟ್ಟಿಸಿರಬೇಕೆಂದು ನನ್ನ ಅಲ್ಪಮತಿಗೆ ತೋರುತ್ತದೆ.

ರಾಜ್ಯದ ಕಾನೂನು ಕೂಡ ಈ ಶಬ್ದಗಳನ್ನು ಮೆಲ್ಲಮೆಲ್ಲನೆ ಬದಲಾಯಿಸಿಕೊಂಡಿದೆ. 1860ರ ಭಾರತ ದಂಡ ಸಂಹಿತೆಯ ಸ್ಥಾನದಲ್ಲಿ 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಜಾರಿಗೆ ಬಂದಿದೆ. ಹೆಸರಿನಲ್ಲಿದ್ದ ದಂಡ ಹೋಗಿ ನ್ಯಾಯ ಬಂದಿತು. ಸಣ್ಣ ಅಪರಾಧಗಳಿಗೆ ಸಮುದಾಯ ಸೇವೆಯೆಂಬ ಹೊಸ ಬಗೆಯೂ ಸೇರಿತು. ಒಳಗಿನ ಸಜೆ, ಜುಲ್ಮಾನೆ, ಮರಣದಂಡನೆಗಳು ಇದ್ದೇ ಇವೆಯಾದ್ದರಿಂದ ಹೆಸರು ಬದಲಾದ ಮಾತ್ರಕ್ಕೆ ಹಿಗ್ಗಬೇಕಾಗಿಲ್ಲ. ನನ್ನ ಮನಸ್ಸನ್ನು ಕಲಕಿದ್ದು ಮತ್ತೊಂದು ಸಂಗತಿ. ನ್ಯಾಯಾಲಯಗಳು ಅಪರಾಧಿಗೆ ಛಡಿಯೇಟಿನ ಶಿಕ್ಷೆ ವಿಧಿಸಲು ಬ್ರಿಟಿಷರ ಕಾಲದಲ್ಲಿ, 1864ರಲ್ಲಿ, ಒಂದು ಕಾಯಿದೆಯಾಗಿತ್ತು. ಸ್ವತಂತ್ರ ಭಾರತದ ಸಂಸತ್ತು ಆ ಶಿಕ್ಷೆಯನ್ನು 1955ರಲ್ಲಿ ರದ್ದುಪಡಿಸಿತು. ಶಾಲೆಯಲ್ಲಿ ಮಗುವಿಗೆ ದೈಹಿಕ ಶಿಕ್ಷೆ ಕೊಡಕೂಡದು, ಮಾನಸಿಕ ಕಿರುಕುಳವನ್ನೂ ಕೊಡಕೂಡದು ಎಂಬ ನಿಷೇಧ ಶಿಕ್ಷಣದ ಹಕ್ಕಿನ ಕಾಯಿದೆಯ 17ನೆಯ ಕಲಮಿನ ಮೂಲಕ 2010ರ ಏಪ್ರಿಲ್ 1ರಂದು ಜಾರಿಗೆ ಬಂದಿತು. ಕೆಲವು ರಾಜ್ಯಗಳು ಅದಕ್ಕೆ ಮುಂಚೆಯೇ ಎಚ್ಚೆತ್ತುಕೊಂಡಿದ್ದವು, ನಿಜ. ಆದರೂ ಸಾಕ್ಷಿ ವಿಚಾರಣೆಗಳ ನಂತರ ಅಪರಾಧಿಯೆಂದು ತೀರ್ಮಾನವಾದ ಕಳ್ಳನ ಬೆನ್ನಿಗೆ 1955ರಲ್ಲಿ ದೊರೆತ ರಕ್ಷಣೆ ಲೆಕ್ಕ ತಪ್ಪಿದ ಹುಡುಗನ ಅಂಗೈಗೆ ದೊರೆಯಲು ಮತ್ತೆ ಐವತ್ತೈದು ವರ್ಷ ಬೇಕಾಯಿತು. ಆ ಐವತ್ತೈದು ವರ್ಷಗಳಲ್ಲಿ ಮೂವತ್ತಾರು ನನ್ನವು.

ಹೀಗಾಗಲು ಕಾರಣವೇನು? ಕಳ್ಳನಿಗೆ ಕೊಟ್ಟದ್ದನ್ನು ಛಡಿಯೇಟು ಎಂದು ಕರೆದರು, ಹುಡುಗನಿಗೆ ಕೊಟ್ಟದ್ದನ್ನು ಶಿಕ್ಷಣ ಎಂದು ಕರೆದರು. ನನ್ನ ದೃಷ್ಟಿಯಲ್ಲಿ ಕಾರಣ ಇದೇ. ಶಬ್ದ ಸಾಧುವಾಗಿದ್ದರೆ ಕೆಲಸ ಕಾಣುವುದಿಲ್ಲ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಹರಳಯ್ಯ ಮತ್ತು ಮಧುವಯ್ಯನವರಿಗೆ ಒದಗಿದ ಗತಿಯನ್ನು ಇಲ್ಲಿ ನೆನೆಯುವುದು ಅಪ್ರಸ್ತುತವಾಗಲಾರದು. ತಮ್ಮ ಮಕ್ಕಳ ವಿವಾಹವನ್ನು ಕುಲದ ಕಟ್ಟಳೆ ಮೀರಿ ನೆರವೇರಿಸಿದ ಆ ಶರಣರನ್ನು ಆನೆಯ ಕಾಲಿಗೆ ಕಟ್ಟಿ ಎಳೆಸಿದರೆಂದು ಪರಂಪರೆ ಹೇಳುತ್ತದೆ. ಅರಮನೆಯ ಕರಣಿಕರು ಅದನ್ನು ರಾಜದಂಡನೆ ಎಂದೇ ಬರೆದುಕೊಂಡಿರಬೇಕು. ಆದರೆ ಶರಣರನ್ನು ನೆನೆದ ಜನ ಆ ಸಾಧುವಾದ ಶಬ್ದವನ್ನು ಇಟ್ಟುಕೊಳ್ಳಲಿಲ್ಲ. 'ಎಳೆಹೂಟೆ' ಎಂದರು. ಏನು ಮಾಡಿದರೋ ಅದನ್ನೇ ಹೇಳುವ ಶಬ್ದ ಅದು. ಎಂಟು ನೂರು ವರ್ಷಗಳಾಚೆ ಇಂದೂ ಅದನ್ನು ಉಚ್ಚರಿಸುವಾಗ ಮೈ ನಡುಗುತ್ತದೆ.

ನಮ್ಮ ಶಾಲೆಗಳ ಮಾತಿಗೆ ಬರೋಣ. ಹಿಂದಿನ ಗಾಂವಠಿ ಶಾಲೆ, ಕೂಲಿಮಠಗಳಲ್ಲಿ ಕೋದಂಡವೆಂಬ ಶಿಕ್ಷೆಯಿತ್ತು. ಕೋದಂಡವೆಂದರೆ ಶ್ರೀರಾಮನ ಬಿಲ್ಲು. ಶಾಲೆಯಲ್ಲಾದರೋ ತೊಲೆಗೆ ಕಟ್ಟಿದ ಹಗ್ಗವನ್ನು ಹಿಡಿದು ಹುಡುಗ ಜೋತು ಬೀಳಬೇಕು. ಕೈ ಸೋತರೂ ಬಿಡುವಂತಿಲ್ಲ. ಅದು ಹೋಗಿ ಬಸ್ಕಿ ಬಂದಿತು, ಬೆಂಚಿನ ಮೇಲೆ ನಿಲ್ಲಿಸುವುದು ಬಂದಿತು, ಗೋಡೆಗೆ ಒರಗಿಸಿ ಇಲ್ಲದ ಕುರ್ಚಿಯ ಮೇಲೆ ಕೂಡಿಸುವುದು ಬಂದಿತು, ಛಡಿಯಂತೂ ಇದ್ದೇ ಇತ್ತು. ಇವೆಲ್ಲ ಒರಟಾದರೂ ಪ್ರಾಮಾಣಿಕವಾದ ಶಬ್ದಗಳು. ಮೋಸದ ಶಬ್ದಗಳು ಬೇರೆ ಇವೆ. 'ನಿನಗೆ ಬುದ್ಧಿ ಕಲಿಸುತ್ತೇನೆ' ಎಂದು ಮಾಸ್ತರರು ಹೇಳಿದರೆ ಬುದ್ಧಿ ಬರುವ ಸಂಭವವಿಲ್ಲವೆಂದು ಎಲ್ಲ ಮಕ್ಕಳಿಗೂ ಗೊತ್ತು. 'ಪೂಜೆಯಾಯಿತು', 'ಮಂಗಳಾರತಿಯಾಯಿತು', 'ಇಂದು ಗುರುಗಳ ಪ್ರಸಾದ ಸಿಕ್ಕಿತು' ಎಂದು ಹುಡುಗರು ತಮ್ಮತಮ್ಮಲ್ಲಿ ನಗೆಯಾಡುತ್ತಾರೆ. ಮಕ್ಕಳು ಹಾಗೆ ನಗುವುದು ನೋವನ್ನು ನುಂಗಿಕೊಳ್ಳುವ ಉಪಾಯ, ಅವರನ್ನು ದೂರಲಾರೆ. ಆದರೆ ಪ್ರಸಾದನಿಲಯದಲ್ಲಿ ಉಂಡು ಬೆಳೆದ ನಾವು, ಬಡ ಹುಡುಗನ ತಟ್ಟೆಗೆ ಬೀಳುವ ಅನ್ನವನ್ನೂ ಅವನ ಬೆನ್ನಿಗೆ ಬೀಳುವ ಏಟನ್ನೂ ಒಂದೇ ಶಬ್ದದಿಂದ ಕರೆಯುವುದನ್ನು ಕೇಳಿಯೂ ಶಿಕ್ಷಕರ ಕೊಠಡಿಯಲ್ಲಿ ನಕ್ಕಿದ್ದೇವೆ. ಅದು ನಗುವ ವಿಷಯವಾಗಿರಲಿಲ್ಲ.

'ದನ ಕಾಯಲಿಕ್ಕೆ ಹೋಗು' ಎಂಬ ಬೈಗುಳವನ್ನೂ ಇಲ್ಲಿಯೇ ಹೇಳಿಬಿಡಬೇಕು. ಮನುವಿನ ಪಟ್ಟಿಯ ವಾಗ್ದಂಡಕ್ಕೆ ಇದು ನಮ್ಮ ಶಾಲೆಗಳ ಕಾಣಿಕೆ. ಕಾಯಕವನ್ನು ಗೋಡೆಯ ಮೇಲೆ ದೊಡ್ಡ ಅಕ್ಷರಗಳಲ್ಲಿ ಬರೆಸಿದ ಶಾಲೆಯಲ್ಲಿ, ಮನೆಯಲ್ಲಿ ನಿಜವಾಗಿಯೂ ದನ ಕಾಯುವ ತಂದೆಯಿರುವ ಹುಡುಗನ ಮುಂದೆ, ಆ ಗೋಡೆಗೆ ಬೆನ್ನು ಮಾಡಿ ನಿಂತ ಮಾಸ್ತರರು ಆಡುವ ಮಾತು ಇದು.

ಕನ್ನಡದ ಕ್ರಿಯಾಪದಗಳನ್ನು ಗಮನಿಸಿದರೆ ಇನ್ನೂ ಒಂದು ಸಂಗತಿ ಹೊಳೆಯುತ್ತದೆ. ಹೊಡೆಯುವವನ ಕ್ರಿಯಾಪದ 'ಕೊಡು'. ಶಿಕ್ಷೆ ಕೊಡುತ್ತಾನೆ, ಏಟು ಕೊಡುತ್ತಾನೆ, 'ಎರಡು ಕೊಟ್ಟೆ' ಎನ್ನುತ್ತಾನೆ. ದಾನಿಗಳು ಕೊಠಡಿ ಕಟ್ಟಿಸಿಕೊಟ್ಟಂತೆ, ಪುಸ್ತಕ ಕೊಟ್ಟಂತೆ, ಮಾಸ್ತರರು ಎರಡು ಕೊಟ್ಟರು! ಹೊಡೆಸಿಕೊಂಡವನ ಕ್ರಿಯಾಪದ 'ತಿನ್ನು'. ಏಟು ತಿಂದ, ಪೆಟ್ಟು ತಿಂದ, ಒದೆ ತಿಂದ, ಬೈಗುಳ ತಿಂದ. ಕೊಟ್ಟವನು ಕೊಟ್ಟು ಕೈ ತೊಳೆದುಕೊಳ್ಳುತ್ತಾನೆ. ತಿಂದದ್ದು ತಿಂದವನ ಹೊಟ್ಟೆಯಲ್ಲಿ ಉಳಿಯುತ್ತದೆ. ನಮ್ಮ ಹಿರಿಯರು ಈ ಎರಡು ಕ್ರಿಯಾಪದಗಳನ್ನು ಯಾವ ಪಾಠಶಾಲೆಯಲ್ಲಿಯೂ ಕಲಿತು ಆರಿಸಿಕೊಂಡಿರಲಾರರು. ಆದರೂ ಎಷ್ಟು ಸರಿಯಾಗಿ ಆರಿಸಿಕೊಂಡಿದ್ದಾರೆ!

1974ರಲ್ಲಿ ನಾನು ಒಂದು ಗ್ರಾಮಾಂತರ ಶಾಲೆಯಲ್ಲಿ ಏಳನೆಯ ತರಗತಿಗೆ ಕನ್ನಡ ಕಲಿಸುತ್ತಿದ್ದೆ. ಪತ್ರಲೇಖನದ ಪಾಠವಾಗಿ ರಜೆಯ ಅರ್ಜಿಯನ್ನು ಬರೆಯುವ ಕ್ರಮವನ್ನು ಹಿಂದಿನ ವಾರವಷ್ಟೇ ಹೇಳಿಕೊಟ್ಟಿದ್ದೆ. ಒಂದು ಮುಂಜಾನೆ ಒಬ್ಬ ಹುಡುಗನ ಅರ್ಜಿಯನ್ನು ಅವನ ತಮ್ಮ ತಂದುಕೊಟ್ಟ. ಮೇಲೆ ಸ್ಥಳ, ದಿನಾಂಕ, 'ಪೂಜ್ಯ ಗುರುಗಳ ಸನ್ನಿಧಿಗೆ' ಎಂಬ ಒಕ್ಕಣೆ, ಎಲ್ಲವೂ ನಾನು ಹೇಳಿಕೊಟ್ಟಂತೆಯೇ ಇದ್ದವು. ಕೆಳಗೆ, 'ತಾವು ನಿನ್ನೆ ಬುದ್ಧಿ ಕಲಿಸಿದ್ದರಿಂದ ನನ್ನ ಬಲಗೈ ಬಾತುಕೊಂಡಿದೆ. ಕಾರಣ ಎರಡು ದಿನ ರಜೆ ದಯಪಾಲಿಸಬೇಕೆಂದು ವಿನಂತಿ. ಇಂತಿ ತಮ್ಮ ವಿಧೇಯ ವಿದ್ಯಾರ್ಥಿ' ಎಂದು ಬರೆದಿತ್ತು. ಅಕ್ಷರಗಳು ಸೊಟ್ಟಗಿದ್ದವು, ಎಡಗೈಯಿಂದ ಬರೆದಿದ್ದನೆಂದು ಕಾಣುತ್ತದೆ. ಆ ಹುಡುಗ ವ್ಯಂಗ್ಯ ಮಾಡುವವನಲ್ಲ. ನಾವು ಬಳಸುವ ಶಬ್ದವನ್ನೇ, ಅದು ಸರಿಯಾದ ಶಬ್ದವೆಂದು ನಂಬಿ, ಗೌರವದಿಂದ ಬಳಸಿದ್ದ. ವ್ಯಾಕರಣದ ತಪ್ಪು ಒಂದೂ ಇರಲಿಲ್ಲ. ನಾನು 'ರಜೆ ಮಂಜೂರು' ಎಂದು ಬರೆದು ಸಹಿ ಮಾಡಿದೆ. ಅಂದು ಬೇರೇನು ಬರೆಯಲೂ ನನಗೆ ತೋಚಲಿಲ್ಲ. ಅಂದೇ ಛಡಿಯನ್ನು ಬಿಟ್ಟೆನೆಂದು ಹೇಳಿದರೆ ಕೇಳಲು ಚೆನ್ನಾಗಿರುತ್ತದೆ, ಆದರೆ ಅದು ಸುಳ್ಳಾಗುತ್ತದೆ. ಬಿಡಲು ನನಗೆ ಇನ್ನೂ ಹಲವು ವರ್ಷ ಹಿಡಿಯಿತು.

ಈಗಿನ ಶಿಕ್ಷಕ ಬಂಧುಗಳ ಸಂಕಟ ನನಗೆ ತಿಳಿಯದ್ದೇನಲ್ಲ. 'ನೀವು ಹೊಡೆದು ನಿವೃತ್ತರಾದಿರಿ, ಈಗ ನಮಗೆ ಉಪದೇಶ ಮಾಡುತ್ತೀರಿ. ಅರವತ್ತು ಮಕ್ಕಳ ತರಗತಿಯಲ್ಲಿ ಕೈ ಕಟ್ಟಿಕೊಂಡು ಶಿಸ್ತನ್ನು ಕಾಯುವುದು ಹೇಗೆ?' ಎಂದು ಒಬ್ಬ ಕಿರಿಯ ಮಿತ್ರರು ನನ್ನನ್ನು ನೇರವಾಗಿ ಕೇಳಿದರು. ಪ್ರಶ್ನೆ ನ್ಯಾಯವಾದುದು, ಅರವತ್ತು ಮಕ್ಕಳನ್ನು ಒಬ್ಬರ ಮುಂದೆ ಕೂಡಿಸಿದ್ದು ಅವರ ತಪ್ಪಲ್ಲ. ಎರಡನೆಯ ಶಿಕ್ಷಕರನ್ನು ಕೊಡದೆ ಕಾಯಿದೆಯ ಪ್ರತಿಯನ್ನು ಮಾತ್ರ ಗೋಡೆಗೆ ಅಂಟಿಸುವ ಆಡಳಿತಗಳೂ, ಕಟ್ಟಡಕ್ಕೆ ಉದಾರವಾಗಿ ಕೊಟ್ಟು ಶಿಕ್ಷಕರ ಸಂಬಳದ ಮಾತು ಬಂದಾಗ ಸುಮ್ಮನಾಗುವ ನಾವೂ ಈ ಪ್ರಶ್ನೆಯ ಪಾಲುದಾರರೇ. ಆದರೆ ಅವರು ಬಳಸಿದ 'ಶಿಸ್ತು' ಎಂಬ ಶಬ್ದದ ಬಗೆಗೆ ಒಂದು ಮಾತನ್ನು ಹೇಳಬೇಕೆನಿಸುತ್ತದೆ. ಹದಿನೇಳನೆಯ ಶತಮಾನದಲ್ಲಿ ಕೆಳದಿಯ ಶಿವಪ್ಪನಾಯಕನು ಜಮೀನನ್ನು ಅಳೆಸಿ, ಮಣ್ಣಿನ ಗುಣವನ್ನೂ ಬೆಳೆಯನ್ನೂ ನೋಡಿ ಕಂದಾಯವನ್ನು ಗೊತ್ತುಪಡಿಸಿದ ಕ್ರಮಕ್ಕೆ ಶಿಸ್ತು ಎಂದು ಹೆಸರು. ಆತನು ಶಿಸ್ತಿನ ಶಿವಪ್ಪನಾಯಕನೆಂದು ಹೆಸರಾದದ್ದು ಅದರಿಂದ, ರೈತರನ್ನು ಸಾಲಾಗಿ ನಿಲ್ಲಿಸಿದ್ದರಿಂದಲ್ಲ. ಯಾವ ಹೊಲ ಎಷ್ಟು ತಾಳುತ್ತದೆ ಎಂದು ಮೊದಲು ತಿಳಿದುಕೊಂಡ ಅರಸನ ಶಿಸ್ತು ಅದು. ಕಲ್ಲುಭೂಮಿಗೂ ಕರಿಭೂಮಿಗೂ ಒಂದೇ ಲೆಕ್ಕ ಹಾಕಲಿಲ್ಲ. ನಾವು ನಮ್ಮ ತರಗತಿಗಳಲ್ಲಿ ಹಾಕುತ್ತೇವೆ.

ದಂಡನೆಗೆ ಪ್ರತಿಯಾಗಿ ಇಡಬಹುದಾದ ಶಬ್ದವನ್ನು ಹುಡುಕಲು ನಾನು ಸಂಸ್ಕೃತದ ಕಡೆಗೂ ಇಂಗ್ಲಿಷಿನ ಕಡೆಗೂ ಬಹಳ ಅಲೆದೆ. ಅದು ಅಕ್ಷರಾಭ್ಯಾಸದ ಮೊದಲ ದಿನದ ಶಬ್ದವೇ ಆಗಿತ್ತು. ಕನ್ನಡದಲ್ಲಿ ತಪ್ಪು ಎಂಬುದು ಮೊದಲು ಕ್ರಿಯಾಪದ. ದಾರಿ ತಪ್ಪುತ್ತದೆ, ಗುರಿ ತಪ್ಪುತ್ತದೆ, ಕಾಲು ತಪ್ಪುತ್ತದೆ, ಲೆಕ್ಕ ತಪ್ಪುತ್ತದೆ. ಅದರಲ್ಲಿ ಪಾಪದ ವಾಸನೆಯಿಲ್ಲ. ಹೋಗಬೇಕಾದಲ್ಲಿಗೆ ಹೋಗಲಿಲ್ಲ, ಅಷ್ಟೆ. ತಪ್ಪಿದ್ದಕ್ಕೆ ಜೊತೆಯಾಗಿ ಬರುವ ಕ್ರಿಯಾಪದ 'ತಿದ್ದು'. ನಾವೆಲ್ಲ ಮರಳಿನ ಮೇಲೆ, ಆಮೇಲೆ ಪಾಟಿಯ ಮೇಲೆ ಅಕ್ಷರ ತಿದ್ದಿಯೇ ಮೇಲೆ ಬಂದವರು. ಗುರು ಬರೆದ ಗೆರೆಯ ಮೇಲೆ ಮಗು ತನ್ನ ಬೆರಳನ್ನು ಮತ್ತೆ ಮತ್ತೆ ಆಡಿಸುವುದು ತಿದ್ದುವುದು. ಬರೆದದ್ದು ತಪ್ಪಿದಾಗ ಗುರು ಸರಿಪಡಿಸುವುದೂ ತಿದ್ದುವುದೇ. ಮನುಷ್ಯನ ನಡತೆಯನ್ನು ನೇರ್ಪಡಿಸುವುದಕ್ಕೂ ಅದೇ ಶಬ್ದ. ಈ ಕೆಲಸದಲ್ಲಿ ಗುರುವಿನ ಕೈಯೂ ಮಗುವಿನ ಕೈಯೂ ಒಂದೇ ಗೆರೆಯ ಮೇಲಿರುತ್ತವೆ. ಶಿಕ್ಷಾಗುರು ಎಂಬ ಮಾತಿನಲ್ಲಿ ನಮ್ಮ ಪರಂಪರೆ ಕಂಡದ್ದು ಇದನ್ನೇ ಎಂದು ನಾನು ತಿಳಿದಿದ್ದೇನೆ.

ತಿದ್ದುವುದಕ್ಕೆ ಸಮಯ ಹಿಡಿಯುತ್ತದೆ, ಏಟಿಗೆ ಹಿಡಿಯುವುದಿಲ್ಲ. ಅರವತ್ತು ಮಕ್ಕಳ ತರಗತಿಯಲ್ಲಿ ಏಟು ಗೆಲ್ಲುವುದು ಈ ಒಂದು ಕಾರಣಕ್ಕೆ. ಅದನ್ನು ಒಪ್ಪಿಕೊಂಡು, 'ನನಗೆ ಸಮಯವಿರಲಿಲ್ಲ, ಆದ್ದರಿಂದ ಹೊಡೆದೆ' ಎಂದು ಹೇಳುವ ಶಿಕ್ಷಕರನ್ನು ನಾನು ಅರ್ಥಮಾಡಿಕೊಳ್ಳಬಲ್ಲೆ. 'ಶಿಕ್ಷಣದಲ್ಲಿಯೇ ಶಿಕ್ಷೆಯಿದೆ' ಎಂದು ಶಬ್ದಶಾಸ್ತ್ರವನ್ನು ಸಾಕ್ಷಿಗೆ ಕರೆಯುವವರನ್ನು ಮಾತ್ರ ಇನ್ನು ಮುಂದೆ ಒಪ್ಪಲಾರೆ.

ಕೆಲವು ವರ್ಷಗಳ ಹಿಂದೆ ಒಂದು ಜಾತ್ರೆಯ ದಾಸೋಹದ ಪಂಕ್ತಿಯಲ್ಲಿ ನೆರೆತ ತಲೆಯ ಒಬ್ಬ ಗೃಹಸ್ಥರು ಎಲೆಯ ಮುಂದಿನಿಂದೆದ್ದು ಬಂದು ನನ್ನ ಪಾದ ಮುಟ್ಟಿದರು. ರಜೆಯ ಅರ್ಜಿಯ ಹುಡುಗ! ಅರ್ಜಿ ಬರೆದದ್ದು ಅವರಿಗೆ ನೆನಪಿರಲಿಲ್ಲ. 'ನಾಲ್ಕು ಏಟು, ಗುರುಗಳೇ. ನಾಲ್ಕನೆಯದು ಗೆಣ್ಣಿನ ಮೇಲೆ ಬಿತ್ತು' ಎಂದು ನಗುತ್ತಲೇ ಹೇಳಿ ಬಲಗೈಯ ನಡುಬೆರಳನ್ನು ತೋರಿಸಿದರು. ಯಾವ ತಪ್ಪಿಗಾಗಿ ಹೊಡೆದಿದ್ದೆನೆಂದು ಕೇಳಿದೆ. ಅವರು ಬಹಳ ಹೊತ್ತು ಯೋಚಿಸಿದರು. ನಾನೂ ಯೋಚಿಸಿದೆ. ಇಬ್ಬರಿಗೂ ನೆನಪಾಗಲಿಲ್ಲ. ಅಷ್ಟರಲ್ಲಿ ಬಡಿಸುವವರು ಬಂದರು.